ಶಾಲೆಗೆ ದುಡ್ಡು ಬೇಕು, ತೆರಿಗೆ ಬೇಡ: ಕ್ಯಾಲಿಫೋರ್ನಿಯಾದ ಮತದಾರರ ಮಾತಿಗೆ ಅರ್ಥವಿದೆಯೇ?

ಪ್ರಶ್ನೆ: ಸರ್, ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು 13 ವರ್ಷ ಆಯಿತು. ಹೋದ ವರ್ಷ ಪೌರತ್ವ ಸಿಕ್ಕಿತು, ಇದೇ ಮೊದಲ ಸಲ ವೋಟು ಹಾಕುತ್ತಿದ್ದೇನೆ. ಮನೆಗೆ ದಪ್ಪನೆಯ ಮತದಾರರ ಕೈಪಿಡಿ ಬಂದಿದೆ. ಅದರ ತುಂಬ ತೆರಿಗೆ, ಬಾಂಡ್, ಕಾನೂನು ತಿದ್ದುಪಡಿಗಳೇ. ಇನ್ನೊಂದು ಕಡೆ ಜನಾಭಿಪ್ರಾಯ ಸಮೀಕ್ಷೆಗಳನ್ನು ಓದಿದರೆ ತಲೆ ಕೆಡುತ್ತದೆ. ತೆರಿಗೆ ವಿಪರೀತ ಜಾಸ್ತಿ ಅಂತಲೂ ಜನ ಹೇಳುತ್ತಾರೆ, ಶಾಲೆಗೆ ದುಡ್ಡು ಸಾಲದು ಅಂತಲೂ ಹೇಳುತ್ತಾರೆ. ಜನರಿಗೆ ಎರಡೂ ಬೇಕು, ಲೆಕ್ಕ ಮಾತ್ರ ಬರುವುದಿಲ್ಲ ಅನ್ನಿಸುತ್ತದೆ. ಈ ಸಮೀಕ್ಷೆಗಳನ್ನು ನಂಬಬಹುದೇ? ಹಾಗೆಯೇ, ನನಗೆ ಅರ್ಥವಾಗದ ಪ್ರಶ್ನೆಗಳನ್ನು ಖಾಲಿ ಬಿಟ್ಟರೆ ನನ್ನ ವೋಟು ಹಾಳಾಗುತ್ತದೆಯೇ?

ಉತ್ತರ: ಮೊದಲ ವೋಟಿಗೆ ಅಭಿನಂದನೆಗಳು. ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಅದಕ್ಕಿಂತ ಮುಂಚೆ ನಿಮ್ಮ ಒಂದು ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. "ಜನರಿಗೆ ಎರಡೂ ಬೇಕು, ಲೆಕ್ಕ ಮಾತ್ರ ಬರುವುದಿಲ್ಲ" ಅಂದಿರಿ. ಇದನ್ನು ತುಂಬ ಜನ ಹೇಳುತ್ತಾರೆ, ಓದಿದವರು ಇನ್ನೂ ಜಾಸ್ತಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು ಕಳೆದ ಐವತ್ತು ವರ್ಷಗಳಲ್ಲಿ ತೆರಿಗೆಯ ಬಗ್ಗೆ ಕೊಟ್ಟ ತೀರ್ಪುಗಳನ್ನು ಸಾಲಾಗಿ ಇಟ್ಟು ನೋಡಿ. ಅವರು ತೆರಿಗೆ ಬೇಡ ಅನ್ನುತ್ತಿಲ್ಲ. ದುಡ್ಡಿನ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿರುತ್ತದೆ ಎಂದು ಕೇಳುತ್ತಿದ್ದಾರೆ.

ಆ ಕೈಪಿಡಿ ನಿಮ್ಮ ಮನೆಗೆ ಏಕೆ ಬಂತು ಎನ್ನುವುದರಿಂದಲೇ ಶುರು ಮಾಡೋಣ. ನೂರು ವರ್ಷಕ್ಕೂ ಹಿಂದೆ ಈ ರಾಜ್ಯದ ರಾಜಕೀಯ ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯ ಹಿಡಿತದಲ್ಲಿತ್ತು. ಶಾಸಕರನ್ನು ಆರಿಸಿ ಕಳಿಸಿದರೂ ಕೆಲಸ ಆಗುತ್ತಿದ್ದದ್ದು ಕಂಪನಿಯದು. ಹೈರಮ್ ಜಾನ್ಸನ್ ಗವರ್ನರ್ ಆಗಿದ್ದಾಗ, 1911ರ ಅಕ್ಟೋಬರ್‌ನಲ್ಲಿ ಜನರಿಗೆ ಮೂರು ಅಧಿಕಾರ ಸಿಕ್ಕವು. ಸಹಿ ಸಂಗ್ರಹಿಸಿ ತಾವೇ ಕಾನೂನು ತರುವುದು, ಶಾಸನಸಭೆ ಮಾಡಿದ ಕಾನೂನನ್ನು ಜನರ ಮುಂದೆ ಎಳೆದು ತರುವುದು, ಗೆದ್ದವರನ್ನು ಅವಧಿ ಮುಗಿಯುವ ಮೊದಲೇ ಇಳಿಸುವುದು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ವೋಟುಗಳ ಶೇ. 5ರಷ್ಟು ಸಹಿ ಸಿಕ್ಕರೆ ಹೊಸ ಕಾನೂನನ್ನು ವೋಟಿಗೆ ಹಾಕಬಹುದು. ಸಂವಿಧಾನ ತಿದ್ದುಪಡಿಗೆ ಶೇ. 8 ಬೇಕು. 2022ರ ಚುನಾವಣೆಯ ಲೆಕ್ಕ ಹಿಡಿದರೆ ಮೊದಲನೆಯದಕ್ಕೆ ಸುಮಾರು ಐದೂವರೆ ಲಕ್ಷ ಸಹಿ.

ಹಾಗಾಗಿ ಈ ರಾಜ್ಯದಲ್ಲಿ ಜನಾಭಿಪ್ರಾಯ ಸುಮ್ನೆ ಕಟ್ಟೆ ಮಾತಲ್ಲ. ಅದು ನೇರವಾಗಿ ಕಾನೂನಾಗುತ್ತದೆ. ಸಮೀಕ್ಷೆ ಮಾಡುವವರಿಗೂ ಇಲ್ಲಿ ಅಷ್ಟು ಕೆಲಸ ಇರುವುದು ಅದಕ್ಕೇ.

ಈಗ 1978. ತೆರಿಗೆಯ ಮಾತು ಎತ್ತಿದರೆ ಈ ವರ್ಷವನ್ನು ದಾಟಿ ಹೋಗುವ ಹಾಗೇ ಇಲ್ಲ. ಎಪ್ಪತ್ತರ ದಶಕದಲ್ಲಿ ಮನೆಗಳ ಬೆಲೆ ಓಡುತ್ತಿತ್ತು, ಅದರ ಹಿಂದೆಯೇ ಆಸ್ತಿ ತೆರಿಗೆಯೂ ಓಡುತ್ತಿತ್ತು. ಪಿಂಚಣಿಯಲ್ಲಿ ಬದುಕುವ ಮುದುಕರಿಗೆ ಮನೆ ಬೆಲೆ ಏರಿದ್ದರಿಂದ ಕೈಗೆ ಒಂದು ಡಾಲರ್ ಕೂಡ ಬಂದಿರಲಿಲ್ಲ. ಬಂದದ್ದು ಬಿಲ್ ಮಾತ್ರ. ಅದೇ ಹೊತ್ತಿಗೆ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ರಾಜ್ಯದ ಖಜಾನೆಯಲ್ಲಿ ನೂರಾರು ಕೋಟಿ ಡಾಲರ್ ಮಿಕ್ಕಿತ್ತು. ಶಾಸಕರು ಪರಿಹಾರ ಕೊಡುತ್ತೇವೆ ಅನ್ನುತ್ತಲೇ ಇದ್ದರು, ಹೊತ್ತಿಗೆ ಸರಿಯಾಗಿ ಒಮ್ಮತಕ್ಕೆ ಬರಲಿಲ್ಲ. ಹವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಇಬ್ಬರೂ ಸೇರಿ ಸಹಿ ಸಂಗ್ರಹಿಸಿ ಪ್ರಪೊಸಿಷನ್ 13 ತಂದರು (ಜನರ ವೋಟಿಗೆ ಹಾಕುವ ಪ್ರಸ್ತಾವಕ್ಕೆ ಇಲ್ಲಿ ಪ್ರಪೊಸಿಷನ್ ಅನ್ನುತ್ತಾರೆ). ಜೂನ್ 6ರಂದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಹೌದು ಎಂದರು.

ಜನ ಸಿಟ್ಟಾಗಿದ್ದು ತೆರಿಗೆ ಇದೆ ಅಂತಲೋ, ಜಾಸ್ತಿ ಇದೆ ಅಂತಲೋ? ಎರಡನೆಯದು ಇದ್ದೇ ಇತ್ತು. ಆದರೆ ಕಿಚ್ಚು ಹಚ್ಚಿದ್ದು ಮೂರನೆಯದು. ಪೆಟ್ಟಿಗೆಯಲ್ಲಿ ದುಡ್ಡಿದ್ದೂ ಕೀಲಿ ಇಟ್ಟುಕೊಂಡವರು ತಮ್ಮ ಕಡೆ ತಿರುಗಿ ನೋಡಲಿಲ್ಲ ಎಂಬ ನೋವು.

ಆ ಕಾನೂನು ಏನು ಮಾಡಿತು ಎಂದು ನಿಮ್ಮ ಬೀದಿಯಲ್ಲೇ ನೋಡಬಹುದು. ಒಂದು ಉದಾಹರಣೆ ಲೆಕ್ಕ ಹಾಕೋಣ. ಅಕ್ಕಪಕ್ಕದಲ್ಲಿ ಒಂದೇ ಅಳತೆಯ ಎರಡು ಮನೆ. ಒಂದನ್ನು 1990ರಲ್ಲಿ ಎರಡೂವರೆ ಲಕ್ಷ ಡಾಲರ್‌ಗೆ ಕೊಂಡರು. ಇನ್ನೊಂದನ್ನು 2024ರಲ್ಲಿ 15 ಲಕ್ಷ ಡಾಲರ್‌ಗೆ ಕೊಂಡರು. ಪ್ರಪೊಸಿಷನ್ 13ರ ಪ್ರಕಾರ ಮೂಲ ತೆರಿಗೆ ಮೌಲ್ಯದ ಶೇ. 1. ಆ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಮನೆ ಕೈ ಬದಲಾಯಿಸಿದಾಗ ಹೊಸ ಬೆಲೆಗೆ ಲೆಕ್ಕ. ಹಳೆಯ ಮನೆಯ ಮೌಲ್ಯ 34 ವರ್ಷ ಶೇ. 2ರಂತೆ ಪೂರ್ತಿ ಏರಿದರೂ 4 ಲಕ್ಷ 90 ಸಾವಿರ ಆಗುತ್ತದೆ. ಅವರ ತೆರಿಗೆ 4,900 ಡಾಲರ್. ಹೊಸಬರದು 15,000. ಎರಡೂ ಮನೆಯ ಮಕ್ಕಳು ಹೋಗುವುದು ಒಂದೇ ಶಾಲೆಗೆ, ಮನೆ ಮುಂದಿನ ರಸ್ತೆಯೂ ಒಂದೇ.

2003ರಲ್ಲಿ ಹೂಡಿಕೆದಾರ ವಾರನ್ ಬಫೆಟ್ ಇದನ್ನೇ ತಮ್ಮ ಸ್ವಂತ ಮನೆಗಳ ಲೆಕ್ಕದಲ್ಲಿ ಹೇಳಿದರು. ನೆಬ್ರಾಸ್ಕಾದ ಒಮಾಹಾದಲ್ಲಿ ಅವರ ಮನೆ ಸುಮಾರು 5 ಲಕ್ಷ ಡಾಲರ್ ಬಾಳುತ್ತಿತ್ತು. ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನ ಮನೆ ಸುಮಾರು 40 ಲಕ್ಷ. ಒಮಾಹಾದ ಮನೆಗೆ ಅವರು ವರ್ಷಕ್ಕೆ 14 ಸಾವಿರ ಡಾಲರ್‌ಗೂ ಮೇಲೆ ಕಟ್ಟುತ್ತಿದ್ದರು, ಲಗೂನಾದ ಮನೆಗೆ ಎರಡು ಸಾವಿರದ ಚಿಲ್ಲರೆ. ಬಫೆಟ್ ಆಗ ಗವರ್ನರ್ ಹುದ್ದೆಗೆ ನಿಂತಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ಸಲಹೆಗಾರರಾಗಿದ್ದರು. ಈ ಮಾತು ಎತ್ತಿದ ಕೂಡಲೇ ಶ್ವಾರ್ಜ್‌ನೆಗರ್ ಅದರಿಂದ ದೂರ ಸರಿದು ನಿಂತರು. ಪ್ರಪೊಸಿಷನ್ 13ನ್ನು ಮುಟ್ಟಿದರೆ ಕೈ ಸುಡುತ್ತದೆ ಎಂದು ಆ ರಾಜ್ಯದ ಪ್ರತಿಯೊಬ್ಬ ರಾಜಕಾರಣಿಗೂ ಗೊತ್ತು.

ನನಗೆ ಈ ಕತೆಯಲ್ಲಿ ನಿಜಕ್ಕೂ ಬೇಸರ ತರುವ ಭಾಗ ಬೇರೆ ಇದೆ. ಆಸ್ತಿ ತೆರಿಗೆ ಊರಿನ ದುಡ್ಡಾಗಿತ್ತು. ಕೌಂಟಿ (ನಮ್ಮ ಜಿಲ್ಲೆಯಂಥದು), ನಗರ, ಶಾಲಾ ಜಿಲ್ಲೆ ತಮ್ಮ ದರ ತಾವೇ ಹಾಕಿಕೊಳ್ಳುತ್ತಿದ್ದವು. 1978ರ ನಂತರ ಆ ವರಮಾನ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಉಳಿದದ್ದನ್ನು ಯಾರಿಗೆ ಎಷ್ಟು ಹಂಚಬೇಕು ಎಂದು ಹೇಳುವ ಅಧಿಕಾರ ಸ್ಯಾಕ್ರಮೆಂಟೊಗೆ ಹೋಯಿತು. ದೂರದ ಸರ್ಕಾರವನ್ನು ನಂಬದ ಜನ, ಹತ್ತಿರದ ಸರ್ಕಾರದ ಕೀಲಿಯನ್ನು ಅದೇ ದೂರದ ಸರ್ಕಾರದ ಕೈಗೆ ಕೊಟ್ಟಂತಾಯಿತು. ಅವರು ಬಯಸಿದ್ದು ಇದಲ್ಲ.

ಹಾಗಾದರೆ ಆಮೇಲೆ ಜನ ಎಲ್ಲ ತೆರಿಗೆಗೂ ಬೇಡ ಅಂದರೇ? ಇಲ್ಲ, ಅಲ್ವಾ. 2012 ನೋಡಿ. ಆರ್ಥಿಕ ಕುಸಿತದಲ್ಲಿ ರಾಜ್ಯ ಸೊರಗಿ ಹೋಗಿತ್ತು. 2009ರಲ್ಲಂತೂ ಕೊಡಬೇಕಾದವರಿಗೆ ದುಡ್ಡಿನ ಬದಲು "ಆಮೇಲೆ ಕೊಡುತ್ತೇವೆ" ಎಂಬ ಚೀಟಿ ಕೊಟ್ಟಿದ್ದರು. 2012ರಲ್ಲಿ ಗವರ್ನರ್ ಆಗಿದ್ದವರು ಜೆರ್ರಿ ಬ್ರೌನ್. 1978ರಲ್ಲಿ ಪ್ರಪೊಸಿಷನ್ 13 ಬಂದಾಗಲೂ ಗವರ್ನರ್ ಅವರೇ, ಮೊದಲು ಅದನ್ನು ವಿರೋಧಿಸಿ ಸೋತವರು. ಈ ಸಲ ಅವರು ಪ್ರಪೊಸಿಷನ್ 30 ಎಂಬ ತೆರಿಗೆ ಏರಿಕೆಯನ್ನು ಜನರ ಮುಂದಿಟ್ಟರು. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯುವವರ ಮೇಲೆ ಏಳು ವರ್ಷ ಹೆಚ್ಚಿನ ಆದಾಯ ತೆರಿಗೆ, ಎಲ್ಲರ ಮೇಲೂ ನಾಲ್ಕು ವರ್ಷ ಕಾಲು ಸೆಂಟ್ ಮಾರಾಟ ತೆರಿಗೆ. ಸೋತರೆ ಶಾಲೆಗಳಿಗೆ ಇಷ್ಟು ಕಡಿತ ಎಂದು ಬಜೆಟ್‌ನಲ್ಲೇ ಬರೆದಿಟ್ಟಿದ್ದರು. ಶೇ. 55ರಷ್ಟು ಜನ ಹೌದು ಎಂದರು. 2016ರಲ್ಲಿ ಪ್ರಪೊಸಿಷನ್ 55 ಮೂಲಕ ಆದಾಯ ತೆರಿಗೆಯ ಭಾಗವನ್ನು 2030ರವರೆಗೆ ಮುಂದುವರಿಸಿದರು, ಇನ್ನೂ ದೊಡ್ಡ ಬಹುಮತದಿಂದ. ಯಾರು ಕಟ್ಟುತ್ತಾರೆ, ಎಲ್ಲಿಯವರೆಗೆ, ದುಡ್ಡು ಎಲ್ಲಿಗೆ ಹೋಗುತ್ತದೆ, ಇಷ್ಟೂ ಕಣ್ಣಿಗೆ ಕಾಣುತ್ತಿತ್ತು.

2022ರಲ್ಲೂ ಒಂದು ಪ್ರಪೊಸಿಷನ್ 30 ಬಂತು. ನಂಬರ್ ಅದೇ, ವಿಷಯ ಬೇರೆ. ವರ್ಷಕ್ಕೆ 20 ಲಕ್ಷ ಡಾಲರ್ ಮೀರಿ ದುಡಿಯುವವರ ಮೇಲೆ ತೆರಿಗೆ ಹಾಕಿ ಎಲೆಕ್ಟ್ರಿಕ್ ವಾಹನಗಳಿಗೆ, ಕಾಳ್ಗಿಚ್ಚು ತಡೆಗೆ ಕೊಡುವುದು. ಅಷ್ಟು ದುಡಿಯುವವರು ರಾಜ್ಯದಲ್ಲಿ ಎಷ್ಟು ಜನ ಇದ್ದಾರು! ಉಳಿದವರಿಗೆ ಒಂದು ಸೆಂಟ್ ಹೊರೆ ಇಲ್ಲ. ಸೆಪ್ಟೆಂಬರ್‌ನ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪರ ಇದ್ದರು. ಆಮೇಲೆ ಗವರ್ನರ್ ಗ್ಯಾವಿನ್ ನ್ಯೂಸಮ್ ಟಿವಿಯಲ್ಲಿ ಬಂದು, ಇದು ಒಂದು ಕ್ಯಾಬ್ ಕಂಪನಿಯ ಲಾಭಕ್ಕೆ ಬರೆದದ್ದು ಎಂದು ಹೇಳಿದರು. ನವೆಂಬರ್‌ನಲ್ಲಿ ಅದು ಸೋತಿತು, ಬೇಡ ಅಂದವರು ಶೇ. 58ರ ಹತ್ತಿರ. ಬೇರೆಯವರ ಜೇಬಿನಿಂದ ಬರುವ ದುಡ್ಡನ್ನೂ ಜನ ಬೇಡ ಅಂದರು ನೋಡಿ. ಕೀಲಿ ಯಾರ ಕೈಗೆ ಹೋಗುತ್ತದೆ ಎಂಬ ಅನುಮಾನ ಬಂದದ್ದೇ ತಡ, ಲೆಕ್ಕ ತಿರುಗಿತು. ಇವರಿಗೆ ಲೆಕ್ಕ ಬರುವುದಿಲ್ಲ ಅಂತ ಹೇಗೆ ಹೇಳುವುದು?

ಇನ್ನೊಂದು ಪ್ರಸಂಗವನ್ನು ಹತ್ತಿರದಿಂದ ತೋರಿಸುತ್ತೇನೆ, ಏಕೆಂದರೆ ನಿಮ್ಮ ಕೈಯಲ್ಲಿರುವ ಕೈಪಿಡಿ ಓದಲು ಇದು ನೇರವಾಗಿ ಬೇಕಾಗುತ್ತದೆ. 2017ರಲ್ಲಿ ಶಾಸನಸಭೆ ರಸ್ತೆ ರಿಪೇರಿಗೆಂದು ಪೆಟ್ರೋಲ್ ಮೇಲೆ ಗ್ಯಾಲನ್‌ಗೆ 12 ಸೆಂಟ್ ತೆರಿಗೆ ಏರಿಸಿತು. ಸಿಟ್ಟಾದವರು ಸಹಿ ಸಂಗ್ರಹಿಸಿ 2018ರಲ್ಲಿ ಪ್ರಪೊಸಿಷನ್ 6 ತಂದರು. ಅವರ ಪ್ರಚಾರ ಒಂದೇ ಸಾಲಿನದು: ಪೆಟ್ರೋಲ್ ತೆರಿಗೆ ತೆಗೆಯಿರಿ. ಆದರೆ ಮತಪತ್ರದ ಮೇಲೆ ಶೀರ್ಷಿಕೆ ಬರೆಯುವ ಅಧಿಕಾರ ಸಹಿ ತಂದವರದಲ್ಲ, ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ಅವರದು. ಆ ಶೀರ್ಷಿಕೆ ಶುರುವಾಗಿದ್ದು "ರಸ್ತೆ ರಿಪೇರಿ ಮತ್ತು ಸಾರಿಗೆಯ ಕೆಲವು ಹಣವನ್ನು ತೆಗೆದುಹಾಕುತ್ತದೆ" ಎಂಬ ಅರ್ಥದ ಮಾತಿನಿಂದ. ತೆರಿಗೆ ಎಂಬ ಪದ ಬಂದದ್ದು ಎರಡನೇ ಸಾಲಿನಲ್ಲಿ. ಪ್ರಪೊಸಿಷನ್ 6 ಸೋತಿತು.

ಎರಡೂ ಸಾಲು ಸುಳ್ಳಲ್ಲ. ತೆರಿಗೆಯೂ ಹೋಗುತ್ತಿತ್ತು, ರಸ್ತೆಯ ದುಡ್ಡೂ ಹೋಗುತ್ತಿತ್ತು. ಆದರೆ ಸಮೀಕ್ಷೆಯವರು ಫೋನಿನಲ್ಲಿ "ಪೆಟ್ರೋಲ್ ತೆರಿಗೆ ತೆಗೆಯಬೇಕೇ?" ಎಂದು ಕೇಳಿದರೆ ಒಂದು ಉತ್ತರ, ಮತಪತ್ರದ ಶೀರ್ಷಿಕೆಯನ್ನು ಹಾಗೇ ಓದಿ ಹೇಳಿದರೆ ಇನ್ನೊಂದು ಉತ್ತರ. ಹಾಗಾಗಿ ಸಮೀಕ್ಷೆಯ ಸುದ್ದಿ ಓದುವಾಗ ಶೇಕಡಾವಾರು ನೋಡುವ ಮೊದಲು ಪ್ರಶ್ನೆ ಹೇಗೆ ಕೇಳಿದ್ದಾರೆ ಎಂದು ಹುಡುಕಿ. ಪ್ರಶ್ನೆಯ ಪೂರ್ತಿ ಪಾಠ ಕೊಡದ ಸಮೀಕ್ಷೆಯನ್ನು ನಾನು ಪಕ್ಕಕ್ಕಿಡುತ್ತೇನೆ.

ಬಾಂಡ್‌ಗಳಲ್ಲೂ ಇದೇ ಮಾತು. 2024ರಲ್ಲಿ ಶಾಲಾ ಕಟ್ಟಡಗಳಿಗೆಂದು 1,000 ಕೋಟಿ ಡಾಲರ್, ನೀರು ಮತ್ತು ಹವಾಮಾನದ ಕೆಲಸಗಳಿಗೆ ಇನ್ನೊಂದು 1,000 ಕೋಟಿ ಡಾಲರ್ ಸಾಲ ಎತ್ತಲು ಜನ ಒಪ್ಪಿದರು. ಬಾಂಡ್ ಎಂದರೆ ಸಾಲ. ಬಡ್ಡಿ ಸಮೇತ ತೀರಿಸುವುದು ತೆರಿಗೆ ದುಡ್ಡಿನಿಂದಲೇ. ಅದೇ ಮತಪತ್ರದಲ್ಲಿ ಪ್ರಪೊಸಿಷನ್ 5 ಇತ್ತು. ಮನೆ ಕಟ್ಟಲು, ಊರಿನ ಮೂಲಸೌಕರ್ಯಕ್ಕೆ ಬೇಕಾದ ಸ್ಥಳೀಯ ಬಾಂಡ್‌ಗಳಿಗೆ ಮೂರನೇ ಎರಡರ ಬದಲು ಶೇ. 55 ವೋಟು ಸಾಕು ಎನ್ನುವುದು. ಅದನ್ನು ತಿರಸ್ಕರಿಸಿದರು. ನೀವು ಕೇಳಿದ ಗೊಂದಲ ಇಲ್ಲೇ ಇದೆ ಅಲ್ವಾ? ಸಾಲ ಬೇಕು, ಸಾಲ ಸುಲಭವಾಗಬಾರದು. ನನಗೆ ಇದರಲ್ಲಿ ಗೊಂದಲ ಕಾಣುವುದಿಲ್ಲ. ಪ್ರತಿ ಸಲವೂ ನಮ್ಮನ್ನು ಕೇಳಿ, ಒಪ್ಪಿಗೆಯ ಹೊಸ್ತಿಲನ್ನು ತಗ್ಗಿಸಬೇಡಿ ಎನ್ನುತ್ತಿದ್ದಾರೆ. ಬಾಂಡ್‌ಗೆ ಬಡ್ಡಿ ಇರುತ್ತದೆ ಎಂಬುದು ಎಷ್ಟು ಜನರ ಮನಸ್ಸಿನಲ್ಲಿ ಇರುತ್ತದೆ ಎಂಬ ಚಿಂತೆ ಮಾತ್ರ ನನಗೆ ಇದ್ದೇ ಇದೆ. ಕೈಪಿಡಿಯಲ್ಲಿ ಲೆಜಿಸ್ಲೇಟಿವ್ ಅನಲಿಸ್ಟ್ ಕಚೇರಿಯ ವಿಶ್ಲೇಷಣೆ ಎಂಬ ಭಾಗ ಇರುತ್ತದೆ. ಯಾವ ಪಕ್ಷದ ಪರವೂ ಅಲ್ಲದ ಕಚೇರಿ ಅದು. ಒಟ್ಟು ಎಷ್ಟು ವರ್ಷ, ವರ್ಷಕ್ಕೆ ಎಷ್ಟು ತೀರಿಸಬೇಕು ಎಂದು ಅಲ್ಲಿ ಬರೆದಿರುತ್ತಾರೆ. ಬಣ್ಣಬಣ್ಣದ ಪರ ವಿರೋಧ ವಾದಗಳನ್ನು ಬಿಟ್ಟರೂ ಆ ಪುಟವನ್ನು ಬಿಡಬೇಡಿ.

ಈಗ ನಂಬಿಕೆಯ ಪ್ರಶ್ನೆ. ಸಮೀಕ್ಷೆ ಯಾರನ್ನು ಕೇಳಿತು ಎಂಬುದು ಕ್ಯಾಲಿಫೋರ್ನಿಯಾದಲ್ಲಿ ಬೇರೆಲ್ಲದಕ್ಕಿಂತ ಮುಖ್ಯ. ಸುಮಾರು 3.9 ಕೋಟಿ ಜನ. ನೋಂದಾಯಿಸಿದ ಮತದಾರರು 2.2 ಕೋಟಿಗೂ ಮೇಲೆ. ಅವರಲ್ಲಿ ನಿಜಕ್ಕೂ ವೋಟು ಹಾಕುವವರು ಇನ್ನೂ ಕಡಿಮೆ. ಹೋದ ವರ್ಷದವರೆಗೆ ನೀವೇ "ವಯಸ್ಕರು" ಎಂಬ ಲೆಕ್ಕದಲ್ಲಿದ್ದಿರಿ, "ಮತದಾರರು" ಎಂಬ ಲೆಕ್ಕದಲ್ಲಿ ಇರಲಿಲ್ಲ. ತೆರಿಗೆ ಮಾತ್ರ ಅಂದೂ ಕಟ್ಟುತ್ತಿದ್ದಿರಿ. ತಪ್ಪದೆ ವೋಟು ಹಾಕುವವರಲ್ಲಿ ವಯಸ್ಸಾದವರು, ಸ್ವಂತ ಮನೆ ಇರುವವರು ಜಾಸ್ತಿ. ರಾಜ್ಯದಲ್ಲಿ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮನೆಯವರು ಬಾಡಿಗೆಯಲ್ಲಿದ್ದಾರೆ. ಬಾಡಿಗೆಯವರನ್ನೂ ಸೇರಿಸಿ ಎಲ್ಲ ವಯಸ್ಕರನ್ನು ಕೇಳಿದ ಸಮೀಕ್ಷೆ, ಬರೀ ವೋಟು ಹಾಕುವವರನ್ನು ಕೇಳಿದ ಸಮೀಕ್ಷೆ, ಎರಡೂ ಒಂದೇ ವಾರ ನಡೆದರೂ ಆಸ್ತಿ ತೆರಿಗೆಯ ಬಗ್ಗೆ ಬೇರೆ ಬೇರೆ ರಾಜ್ಯಗಳ ಹಾಗೆ ಕಾಣಬಹುದು. ಎರಡೂ ನಿಜವೇ.

2021ರಲ್ಲಿ ನ್ಯೂಸಮ್ ಅವರನ್ನು ಇಳಿಸಬೇಕೇ ಎಂಬ ಚುನಾವಣೆ ನಡೆದಾಗ ಇದು ಎದ್ದು ಕಂಡಿತು. ಜುಲೈನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಮೀಕ್ಷೆ ಬಂತು. ವೋಟು ಹಾಕುವ ಸಾಧ್ಯತೆ ಇರುವವರಲ್ಲಿ ಶೇ. 47 ಇಳಿಸಿ ಅಂದರು, ಶೇ. 50 ಬೇಡ ಅಂದರು. ಎಲ್ಲ ನೋಂದಾಯಿತ ಮತದಾರರನ್ನು ಕೇಳಿದಾಗ ಇಳಿಸಿ ಅಂದವರು ಬರೀ ಶೇ. 36. ಒಂದೇ ಸಮೀಕ್ಷೆ, ಒಂದೇ ಪ್ರಶ್ನೆ. ಸುದ್ದಿಯಲ್ಲಿ ಬಂದದ್ದು ಮೊದಲನೆಯ ಲೆಕ್ಕ, ಗವರ್ನರ್ ಕಡೆಯವರು ಎಚ್ಚೆತ್ತುಕೊಂಡದ್ದೂ ಅದನ್ನು ನೋಡಿಯೇ. ಪ್ರತಿ ಮತದಾರರ ಮನೆಗೂ ಮತಪತ್ರ ಅಂಚೆಯಲ್ಲಿ ಹೋಗಿತ್ತು. ಸೆಪ್ಟೆಂಬರ್ 14ಕ್ಕೆ ಎಣಿಸಿದಾಗ ಸುಮಾರು ಶೇ. 62 ಜನ ಇಳಿಸುವುದು ಬೇಡ ಎಂದಿದ್ದರು. ಜುಲೈನ ಸಮೀಕ್ಷೆ ತಪ್ಪಿತ್ತು ಅನ್ನುವುದು ಸುಲಭ. ಅದು ಜುಲೈನ ಮನಸ್ಸನ್ನು ಹೇಳಿತ್ತು. ಆಗ ಒಂದು ಕಡೆಯವರು ಎದ್ದು ನಿಂತಿದ್ದರು, ಇನ್ನೊಂದು ಕಡೆಯವರು ಇನ್ನೂ ಕೂತಿದ್ದರು.

ಸಮೀಕ್ಷೆ ನಿಜಕ್ಕೂ ಎಡವಿದ ದಿನವೂ ಇದೆ. 1982ರಲ್ಲಿ ಲಾಸ್ ಏಂಜಲೀಸ್‌ನ ಮೇಯರ್, ಕರಿಯ ನಾಯಕ ಟಾಮ್ ಬ್ರ್ಯಾಡ್ಲಿ ಗವರ್ನರ್ ಆಗುತ್ತಾರೆ ಎಂದು ಸಮೀಕ್ಷೆಗಳು ಹೇಳಿದ್ದವು. ಅಂದು ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದ ಲೆಕ್ಕವೂ ಹಾಗೇ ಹೇಳಿತು. ಗೆದ್ದವರು ಜಾರ್ಜ್ ಡ್ಯುಕ್‌ಮೇಜಿಯನ್, ಒಂದು ಲಕ್ಷಕ್ಕಿಂತ ಕಡಿಮೆ ಅಂತರದಲ್ಲಿ. ಬಿಳಿಯರಲ್ಲಿ ಕೆಲವರು ಸಮೀಕ್ಷೆಯವರ ಎದುರು ಒಂದು ಹೇಳಿ ಒಳಗೆ ಇನ್ನೊಂದು ಒತ್ತಿದರು ಎಂಬ ವಾದ ಅಲ್ಲಿಂದಲೇ ಹುಟ್ಟಿತು. ಆದರೆ ಅಂಚೆ ವೋಟುಗಳು ಆ ಸಲ ಡ್ಯುಕ್‌ಮೇಜಿಯನ್ ಕಡೆ ವಾಲಿದ್ದವು. ಮತಗಟ್ಟೆಯ ಬಾಗಿಲಲ್ಲಿ ನಿಂತವರಿಗೆ ಮನೆಯಲ್ಲೇ ಕೂತು ವೋಟು ಹಾಕಿದವರು ಹೇಗೆ ಸಿಗುತ್ತಾರೆ? ಈಗ ಅಂಚೆ ವೋಟೇ ಜಾಸ್ತಿ.

ಇನ್ನು ಅಂಕಿಯ ಅಳತೆ. ಸರಿಯಾಗಿ ಆರಿಸಿದ ಸಾವಿರ ಜನರನ್ನು ಕೇಳಿದರೆ ಉತ್ತರ ಶೇಕಡಾ ಲೆಕ್ಕದಲ್ಲಿ ಆ ಕಡೆ ಈ ಕಡೆ ಮೂರು ಅಂಕ ಜಾರಬಹುದು. ಆ ಸಾವಿರದಲ್ಲಿ ನೂರು ಜನ ಏಷ್ಯಾ ಮೂಲದವರಿದ್ದರೆ, ಅವರ ಉತ್ತರ ಹತ್ತು ಅಂಕ ಜಾರಬಹುದು. "ಏಷ್ಯಾ ಮೂಲದವರು ಹೀಗೆ ಯೋಚಿಸುತ್ತಾರೆ" ಎಂಬ ತಲೆಬರಹಗಳು ಎಷ್ಟೋ ಸಲ ಇಂಥ ನೂರು ಜನರ ಮೇಲೆ ನಿಂತಿರುತ್ತವೆ.

ತೆರಿಗೆ ಬಗ್ಗೆ ಇನ್ನೂ ಒಂದು ವಿಷಯ ಹೇಳಲೇಬೇಕು, ಸಮೀಕ್ಷೆಯ ಪ್ರಶ್ನೆಗಳಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ಆಸ್ತಿ ತೆರಿಗೆಗೆ ಬೀಗ ಬಿದ್ದ ಮೇಲೆ ರಾಜ್ಯ ಆದಾಯ ತೆರಿಗೆಯ ಮೇಲೆ ಜಾಸ್ತಿ ಒರಗಿತು. 10 ಲಕ್ಷ ಡಾಲರ್ ದಾಟಿದ ಆದಾಯಕ್ಕೆ ಶೇ. 13.3. ಶ್ರೀಮಂತರ ಆದಾಯ ಷೇರುಪೇಟೆಯ ಜೊತೆ ಏರುತ್ತದೆ, ಅದರ ಜೊತೆಯೇ ಬೀಳುತ್ತದೆ. 2022ರ ಮೇ ತಿಂಗಳಲ್ಲಿ ಗವರ್ನರ್ 9,750 ಕೋಟಿ ಡಾಲರ್ ಮಿಗತೆ ಎಂದು ಅಂದಾಜು ಕೊಟ್ಟರು. ಎರಡು ವರ್ಷದೊಳಗೆ ಸಾವಿರಾರು ಕೋಟಿ ಕೊರತೆಯ ಮಾತು. ಮನೆಯಲ್ಲಿ ಕೂತು ಕೇಳುವವರಿಗೆ ಮೊನ್ನೆ ಅಷ್ಟೊಂದು ಇತ್ತಲ್ಲ, ಎಲ್ಲಿ ಹೋಯಿತು ಅನ್ನಿಸುವುದು ಸಹಜ. ಸರ್ಕಾರ ದುಡ್ಡು ಪೋಲು ಮಾಡುತ್ತದೆ ಎಂದು ಸಮೀಕ್ಷೆಯಲ್ಲಿ ಹೇಳುವವರೆಲ್ಲ ಲಂಚದ ಬಗ್ಗೆ ಹೇಳುತ್ತಿಲ್ಲ. ಈ ಏರಿಳಿತವನ್ನು ಯಾರೂ ಅವರಿಗೆ ಕೂತು ಬಿಡಿಸಿ ಹೇಳಿಲ್ಲ.

ನಿಮ್ಮ ಕೊನೆಯ ಪ್ರಶ್ನೆ. ಖಾಲಿ ಬಿಡಬಹುದು. ಹತ್ತು ಪ್ರಶ್ನೆಗಳಲ್ಲಿ ಮೂರಕ್ಕೆ ಮಾತ್ರ ಗುರುತು ಹಾಕಿದರೂ ಆ ಮೂರು ಎಣಿಕೆಯಾಗುತ್ತವೆ, ಉಳಿದದ್ದು ಹಾಗೇ ಇರುತ್ತದೆ. ನಾನು ನೀವಾಗಿದ್ದರೆ ಮತಪತ್ರವನ್ನು ಹಿಂದಿನಿಂದ ಓದುತ್ತಿದ್ದೆ. ರಾಜ್ಯದ ದೊಡ್ಡ ಗಲಾಟೆಗಳಿಗಿಂತ ಮೊದಲು ಶಾಲಾ ಜಿಲ್ಲೆ, ನಗರ, ಕೌಂಟಿಯ ಪ್ರಶ್ನೆಗಳು. ಸ್ಥಳೀಯ ಶಾಲಾ ಬಾಂಡ್‌ಗೆ 2000ನೇ ಇಸವಿಯಿಂದ ಶೇ. 55 ವೋಟು ಸಾಕು. ಶಾಲಾ ಜಿಲ್ಲೆ ವೋಟಿಗಿಡುವ ಪಾರ್ಸೆಲ್ ತೆರಿಗೆಗೆ (ಒಂದೊಂದು ಜಮೀನಿನ ತುಂಡಿನ ಮೇಲೆ ಹಾಕುವ ತೆರಿಗೆ) ಮೂರನೇ ಎರಡು ಬೇಕು. ಅಲ್ಲಿ ಕೆಲವು ನೂರು ವೋಟಿನಲ್ಲಿ ತೀರ್ಮಾನ ಆಗಿಬಿಡುತ್ತದೆ. ಗುರುತು ಹಾಕಿದ ಮೇಲೆ ಮತಪತ್ರವನ್ನು ಕವರಿಗೆ ಹಾಕಿ ಅಂಟಿಸಿ, ಹೊರಗೆ ಸಹಿ ಮಾಡಿ. ನೋಂದಾಯಿಸುವಾಗ ಹೇಗೆ ಮಾಡಿದ್ದಿರೋ ಅದೇ ಸಹಿ. ಹೊಂದದಿದ್ದರೆ ಕೌಂಟಿಯವರು ನಿಮಗೆ ತಿಳಿಸುತ್ತಾರೆ, ಸರಿಪಡಿಸಲು ಅವಕಾಶ ಕೊಡುತ್ತಾರೆ. ಅಂಚೆಗೆ ಸ್ಟ್ಯಾಂಪ್ ಬೇಡ. ಚುನಾವಣೆಯ ದಿನದೊಳಗೆ ಅಂಚೆ ಮುದ್ರೆ ಬಿದ್ದಿರಬೇಕು, ಅದಕ್ಕೇ ಕೊನೆಯ ದಿನದವರೆಗೆ ಕಾಯದೆ ಹತ್ತಿರದ ಅಧಿಕೃತ ಡ್ರಾಪ್ ಬಾಕ್ಸ್‌ಗೆ ನೀವೇ ಹೋಗಿ ಹಾಕಿ ಬನ್ನಿ.